ಧೃತಿ ಮೇಡಂ ಕಾಲೇಜಿಗೆ ಹೋಗುವ ದಾರಿ

ನಮ್ಮ ತಿಲಕ್ ನಗರದ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಆಗುವಷ್ಟು ಜಗಳ ಬೇರೆ ಯಾವುದಕ್ಕೂ ಆಗುವುದಿಲ್ಲ. ಅದಕ್ಕೆ ನಾವು ಕಂಡುಕೊಂಡ ಉಪಾಯ ಒಂದೇ. ಹಳೆಯ ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ, ನಡುವೆ ಕಬ್ಬಿಣದ ಪೈಪ್ ನಿಲ್ಲಿಸಿ, ‘ನೋ ಪಾರ್ಕಿಂಗ್’ ಬೋರ್ಡ್ ಕಟ್ಟಿ ಮನೆ ಮುಂದಿನ ಫುಟ್‌ಪಾತಿನ ಮೇಲೆ ಇಟ್ಟುಬಿಡುವುದು. ಎದುರುಮನೆಯ ರಾಮಯ್ಯನವರ ಹತ್ತಿರ ಇಂಥವು ಎರಡಿದ್ದವು. ನಾನೇನು ಕಮ್ಮಿಯಿಲ್ಲ, ನನ್ನ ಆರು ಹೂಕುಂಡಗಳೂ ಫುಟ್‌ಪಾತಿನ ಮೇಲೇ ಇದ್ದವು.

ಧೃತಿ ಇದೇ ರಸ್ತೆಯ ಕೊನೆಯ ಮನೆಯ ಹುಡುಗಿ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಅವಳ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದವನು ಗಿರಿನಗರದ ಶಿವಕಿರಣ್. ಕದಂಬರಿಂದ ಶುರುವಾಯಿತು. ಹೊಯ್ಸಳರು ಬರುವ ಹೊತ್ತಿಗೆ ಪಾಠದ ನಡುವೆ ‘ಊಟ ಆಯ್ತಾ?’ ಎಂದು ಕೇಳತೊಡಗಿದ. ವಿಜಯನಗರ ಮುಗಿಯುವಷ್ಟರಲ್ಲಿ ಎರಡೂ ಮನೆಯವರು ಮದುವೆಯ ಮಾತಿಗೆ ಕೂತಿದ್ದರು.

ಅಷ್ಟರಲ್ಲಿ ಧೃತಿಗೆ ಜಯನಗರದ ಒಂದು ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು. ಮನೆಯಿಂದ ಹದಿನೈದು ನಿಮಿಷದ ನಡಿಗೆ.

“ನಾನು ಒಬ್ಳೇ ನಡ್ಕೊಂಡ್ ಹೋಗ್ತೀನಿ,” ಎಂದಳು.

“ಬೇಡ ಧೃತಿ, ದಿನಾ ನಾನೇ ಬೈಕಲ್ಲಿ ಡ್ರಾಪ್ ಮಾಡ್ತೀನಿ. ನಾನಿರೋದ್ಯಾಕೆ ಮತ್ತೆ?” ಎಂದ ಶಿವಕಿರಣ್.

“ನಿಂಗೆ ಜ್ವರ ಬಂದ್ ದಿನ ನಾನು ರಜಾ ಹಾಕ್ಬೇಕಾ? ನೋಡು ಶಿವು, ಆ ಹದಿನೈದು ನಿಮಿಷ ನಂದು. ಅದನ್ನ ಬಿಟ್ಕೊಟ್ಟು ನಾನು ಮದ್ವೆ ಆಗಲ್ಲ.”

ಅವನಿಗೆ ಬಹಳ ನೋವಾಯಿತು. ಬಾಯಲ್ಲಿ ಸರಿ ಎಂದ, ಮನಸ್ಸು ಮಾತ್ರ ಒಪ್ಪಲಿಲ್ಲ.

ಬಿಳಿ ಕೋಲು ಹಿಡಿದು ನಡೆಯುವ ತರಬೇತಿ ಕೊಡುವವರು ಸರಸ್ವತಿ ಮೇಡಂ. ಒಂದು ತಿಂಗಳು ಅವರು ಧೃತಿಯನ್ನು ಆ ದಾರಿಯಲ್ಲಿ ನಡೆಸಿದರು. ಎಲ್ಲಿ ತಿರುಗಬೇಕು, ಬೇಕರಿ ವಾಸನೆ ಬಂದ ಮೇಲೆ ಎಷ್ಟು ಹೆಜ್ಜೆ, ಎಲ್ಲಿ ನಿಂತು ರಸ್ತೆ ದಾಟಬೇಕು, ಎಲ್ಲವೂ ಅವಳಿಗೆ ಬಾಯಿಪಾಠವಾಯಿತು. ರಾಮಯ್ಯನವರ ಮನೆ ಮುಂದೆ ಮಾತ್ರ ದಿನಾ ತೊಡಕು. ಡಬ್ಬ ಇವತ್ತು ಇಲ್ಲಿದ್ದರೆ ನಾಳೆ ಅಲ್ಲಿ.

“ಅಂಕಲ್, ಆ ಡಬ್ಬಗಳನ್ನ ಒಳಗಿಟ್ಕೊಳಿ,” ಎಂದು ಧೃತಿ ಕೇಳಿದಳು.

“ಅಯ್ಯೋ ತಾಯಿ, ತೆಗುದ್ರೆ ಯಾರ್ಯಾರೋ ಗಾಡಿ ತಂದ್ ನಿಲ್ಲಿಸ್ತಾರೆ. ನೀನ್ ಬರೋ ಟೈಮಿಗೆ ನಾನೇ ಕೈ ಹಿಡ್ಕೊಂಡ್ ದಾಟಿಸ್ತೀನಿ ಬಿಡು.”

ರಾಮಯ್ಯನವರ ಮನಸ್ಸು ಒಳ್ಳೆಯದೇ. ಡಬ್ಬ ಅಲ್ಲೇ ಉಳಿಯಿತು.

ಕೆಲಸಕ್ಕೆ ಸೇರುವ ದಿನ ಧೃತಿ ಹೊಸ ಸೀರೆ ಉಟ್ಟು ಹೊರಟಳು. ಇಪ್ಪತ್ತು ಹೆಜ್ಜೆ ಹಿಂದೆ ಶಿವಕಿರಣ್ ಸದ್ದಿಲ್ಲದೆ ಬರುತ್ತಿದ್ದ. ರಾಮಯ್ಯನವರ ಮನೆ ಮುಂದೆ ಕೋಲು ಡಬ್ಬಕ್ಕೆ ತಾಗಿತು. ಅವಳು ನಿಂತು, ತಡವಿ ನೋಡಿ, ಬಳಸಿ ಹೋಗುವುದರಲ್ಲಿದ್ದಳು. ಅಷ್ಟರಲ್ಲಿ ರಾಮಯ್ಯ ಗೇಟಿನಿಂದ ಬಂದು ಒಂದು ಕೈ ಹಿಡಿದರು. ಶಿವಕಿರಣ್ ಓಡಿಬಂದು ಇನ್ನೊಂದು ಕೈ ಹಿಡಿದು ರಸ್ತೆಗೆ ಎಳೆದ. ಕೋಲು ಕೆಳಗೆ ಬಿತ್ತು. ಆಟೋ ಒಂದು ಬ್ರೇಕ್ ಹಾಕಿ ಅವಳ ಪಕ್ಕದಲ್ಲೇ ನಿಂತಿತು. ಕುಂಡಕ್ಕೆ ನೀರು ಹಾಕುತ್ತಿದ್ದ ನಾನು ಚೊಂಬು ಅಲ್ಲೇ ಬಿಟ್ಟು ಅತ್ತ ಓಡಿದೆ.

“ಇಬ್ರೂ ಕೈ ಬಿಡಿ,” ಎಂದಳು ಧೃತಿ. “ನನ್ ಮುಖ ಯಾವ್ ಕಡೆಗಿದೆ ಅಂತಾನೇ ನಂಗೀಗ ಗೊತ್ತಾಗ್ತಿಲ್ಲ. ಒಂದ್ ತಿಂಗಳು ಕಲ್ತಿದ್ದನ್ನ ಒಂದ್ ನಿಮಿಷದಲ್ಲಿ ಹಾಳ್ ಮಾಡಿದ್ರಿ.”

ಅಂದು ಅವಳು ಕಾಲೇಜಿಗೆ ಹೋಗಲಿಲ್ಲ. ಮದುವೆಯ ಮಾತೂ ಅಲ್ಲಿಗೇ ನಿಂತಿತು.

ಸಂಜೆ ಸರಸ್ವತಿ ಮೇಡಂ ಬಂದಾಗ ಶಿವಕಿರಣ್ ರಾಮಯ್ಯನವರ ಜಗಲಿಯ ಮೇಲೆ ತಲೆತಗ್ಗಿಸಿ ಕೂತಿದ್ದ.

“ಮೇಡಂ, ಅವಳು ಬೀಳ್ತಾಳೇನೋ ಅನ್ಸಿದ್ರೆ ಸುಮ್ನೆ ನಿಂತ್ಕೊಬೇಕಾ?”

“ಸುಮ್ನೆ ನಿಲ್ಲಿ ಅಂತ ಯಾರ್ ಹೇಳಿದ್ರು? ‘ಸಹಾಯ ಬೇಕಾ?’ ಅಂತ ಬಾಯ್ಬಿಟ್ಟು ಕೇಳಿ. ಬೇಕು ಅಂದ್ರೆ ನಿಮ್ ಮೊಣಕೈ ಮುಂದೆ ಮಾಡಿ, ಅವರೇ ಹಿಡ್ಕೋತಾರೆ. ನೀವು ಒಂದ್ ಹೆಜ್ಜೆ ಮುಂದೆ ನಡೀರಿ. ಎಳೀಬೇಡಿ, ತಳ್ಳಬೇಡಿ, ಕೋಲು ಮುಟ್ಟಬೇಡಿ. ಏನಾದ್ರೂ ಅಪಾಯ ಕಂಡ್ರೆ ‘ನಿಲ್ಲಿ’ ಅಂತ ಕೂಗಿ. ಬೇಡ ಅಂದ್ರೆ ಬಿಟ್ಬಿಡಿ.”

“ಹಂಗಾದ್ರೆ ನಾನ್ ಕೈ ಹಿಡಿದಿದ್ದೂ ತಪ್ಪಾ?” ಎಂದರು ರಾಮಯ್ಯ.

“ದಾರಿಗೆ ಅಡ್ಡ ಇಡೋರೂ ನೀವೇ, ದಾಟಿಸೋರೂ ನೀವೇ. ಮಗೂನೂ ಚಿವುಟಿ ತೊಟ್ಟಿಲೂ ತೂಗಿದ ಹಾಗಾಯ್ತು ರಾಮಯ್ಯನೋರೆ. ಧೃತಿ ಒಬ್ಳೇ ಅಲ್ಲ, ನಿಮ್ ಹೆಂಡ್ತಿ ಸೊಣ್ಣಮ್ಮನೋರೂ ಮಂಡಿನೋವು ಇಟ್ಕೊಂಡು ಗಾಡಿಗಳ ಮಧ್ಯೆ ನಡೀತಾರಲ್ಲ, ಯಾವತ್ತಾದ್ರೂ ನೋಡಿದೀರಾ?”

ರಾಮಯ್ಯ ಎದ್ದು ಪಂಚೆ ಎತ್ತಿಕಟ್ಟಿದರು. “ಬಾರಪ್ಪ, ಒಂದ್ ಕೈ ಹಾಕು,” ಎಂದು ಶಿವಕಿರಣ್‌ನನ್ನು ಕರೆದು ಎರಡೂ ಡಬ್ಬಗಳನ್ನು ಕಾಂಪೌಂಡಿನ ಒಳಗೆ ಎಳೆಸಿದರು. ನನಗೂ ನಾಚಿಕೆಯಾಯಿತು. ಗೊಣಗುತ್ತಲೇ ಕುಂಡಗಳನ್ನು ತಾರಸಿಗೆ ಸಾಗಿಸಿದೆ.

ಮರುದಿನ ಬೆಳಿಗ್ಗೆ ಶಿವಕಿರಣ್ ಧೃತಿಯ ಮನೆ ಗೇಟಿನ ಹತ್ತಿರ ನಿಂತಿದ್ದ. ನಾನು, ರಾಮಯ್ಯನವರು, ಅಕ್ಕಪಕ್ಕದವರು ಸ್ವಲ್ಪ ದೂರದಲ್ಲಿ ನಿಂತು ನೋಡುತ್ತಿದ್ದೆವು.

“ಧೃತಿ, ನಾನು ಶಿವು. ನಿನ್ನೆ ನಂದು ತಪ್ಪಾಯ್ತು. ದಾರಿ ಖಾಲಿ ಮಾಡಿದೀವಿ. ಜೊತೆಗೆ ಬರ್ಲಾ?”

ಅವನು ಹಾಗೆ ಕೇಳಿದ್ದು ಅದೇ ಮೊದಲು.

“ಬೇಡ,” ಎಂದಳು.

ಅವನು ನಿಂತಲ್ಲೇ ನಿಂತ. ನಮ್ಮ ರಸ್ತೆಯ ಉದ್ದಕ್ಕೂ ಕೋಲಿನ ಸದ್ದು ಒಂದು ಕಡೆಯೂ ತಡೆಯದೆ ಸಾಗಿ, ತಿರುವಿನಲ್ಲಿ ಕೇಳದಾಯಿತು. ಅವನ ಕಾಲು ಹಿಂದೆ ಹೋಗಲು ಎಷ್ಟು ಹಾತೊರೆಯಿತೋ ಅವನಿಗೇ ಗೊತ್ತು. ಆದರೂ ಅಲ್ಲಾಡಲಿಲ್ಲ. ಹದಿನೇಳು ನಿಮಿಷ ಕಳೆದ ಮೇಲೆ ಫೋನ್ ಬಂತು. ಅವನು ಸ್ಪೀಕರ್ ಹಾಕಿದ, ನಾವೆಲ್ಲ ಕೇಳಿಸಿಕೊಂಡೆವು.

“ಶಿವು, ಬಂದ್ ತಲುಪಿದೆ. ಸ್ಟಾಫ್ ರೂಮಲ್ಲಿದೀನಿ. ನಿಮ್ಮಮ್ಮಂಗೆ ಹೇಳು, ಮದ್ವೆಗೆ ದಿನ ನೋಡ್ಲಿ ಅಂತ.”

ಅವನು ನಮ್ಮೆಲ್ಲರ ಮುಂದೆಯೇ ಅತ್ತುಬಿಟ್ಟ.

ಇದನ್ನು ಓದುತ್ತಿರುವ ನೀವು ಒಮ್ಮೆ ಎದ್ದು ಗೇಟಿನ ಹೊರಗೆ ನೋಡಿ ಬನ್ನಿ. ಫುಟ್‌ಪಾತಿನ ಮೇಲೆ ನಿಮ್ಮ ಡಬ್ಬವೋ, ಕುಂಡವೋ, ಸ್ಕೂಟರೋ ಇದ್ದರೆ ಇವತ್ತೇ ಒಳಗೆ ತನ್ನಿ. ಬಿಳಿ ಕೋಲು ಹಿಡಿದವರು ಎದುರಾದರೆ ಮುಟ್ಟುವ ಮೊದಲು ಕೇಳಿ. ಬೇಕು ಎಂದರೆ ಮೊಣಕೈ ಮುಂದೆ ಮಾಡಿ. ಬೇಡ ಎಂದರೆ ಬೇಜಾರು ಮಾಡಿಕೊಳ್ಳದೆ ದಾರಿ ಬಿಡಿ, ಅವರಿಗೆ ಹೋಗಲು ಬರುತ್ತದೆ.