ಶೆಟ್ಟರ ಅಂಗಡಿಗೆ ಬಂದ ಸಿಪಾಯಿ

ಅಮೆರಿಕದ ಜರ್ಮನ್‌ಟೌನಿನಲ್ಲಿ ರೇಣುಕಾದೇವಿಯ ಮನೆಯ ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಇಂಗ್ಲೆಂಡಿನ ದೊಡ್ಡ ಜಹಗೀರುದಾರರ ಮಕ್ಕಳು, ಎಂಬತ್ತು ದಾಟಿದವರು. ಹರೆಯದಲ್ಲಿ ಅಕ್ಕ ಹ್ಯಾರಿಯೆಟ್ ಕೆಂಪು ಬಾವುಟ ಹಿಡಿದಳು, ತಂಗಿ ವಿನಿಫ್ರೆಡ್ ಹಿಟ್ಲರನಿಗೆ ಜೈ ಎಂದಳು. ಮಹಾಯುದ್ಧಕ್ಕೆ ಮೊದಲು ನಿಂತ ಮಾತು ತೊಂಬತ್ತಮೂರನೇ ಇಸವಿ ಬಂದರೂ ಶುರುವಾಗಿರಲಿಲ್ಲ. ಆದರೂ ಒಬ್ಬಳು ಹೋದ ದೇಶಕ್ಕೆ ಇನ್ನೊಬ್ಬಳು ಬೆನ್ನಿಗೇ ಬಂದಿದ್ದಳು!

"ಅವಳಿಗೆ ಹೇಳಮ್ಮ, ಟೀವಿ ಸಣ್ಣಗಿಡಲಿ" ಎಂದು ಅಕ್ಕ. "ಕಿವಿಗೆ ಹತ್ತಿ ಇಟ್ಕೊಳ್ಳಲಿ ಅಂತ ಹೇಳು" ಎಂದು ತಂಗಿ. ನಡುವೆ ರೇಣುಕಾದೇವಿ, ರುಬ್ಬುವ ಕಲ್ಲಿಗೆ ಸಿಕ್ಕ ಉದ್ದಿನಬೇಳೆ.

ಈಗ ವಿಜಯದಶಮಿ ಕಳೆದೊಡನೆ ಅಕ್ಕ ನಾರ್ತ್ ಕ್ಯಾರೊಲಿನಾದ ವೃದ್ಧಾಶ್ರಮಕ್ಕೆ ಹೊರಟಿದ್ದಳು. 'ತಾಯಿ ಚಾಮುಂಡಿ, ಅಷ್ಟರೊಳಗೆ ಒಂದು ಮಾತು ಆಡಿಸಿಬಿಡು.' ರೇಣುಕಾದೇವಿಯ ನವರಾತ್ರಿಯ ಬೇಡಿಕೆ ಅದೊಂದೇ.

ಪಟ್ಟದ ಗೊಂಬೆಗಳೇನೋ ಮೈಸೂರಿನಿಂದ ಬಂದಿದ್ದವು, ಮೆಟ್ಟಿಲು ತುಂಬಬೇಕಲ್ಲ? ಇಬ್ಬರನ್ನೂ ಗೊಂಬೆ ಕೇಳಿದಳು. ಅಕ್ಕ ಬೋಳುತಲೆ, ಚೂಪುಗಡ್ಡದ ಹಿರಿಯರೊಬ್ಬರ ಮೂರ್ತಿ ಕೊಟ್ಟಳು. ತಂಗಿ ಬಲಗೈ ಮೇಲಕ್ಕೆ ಚಾಚಿ ನಿಂತ ತಗಡಿನ ಸಿಪಾಯಿಯನ್ನು ಕೊಟ್ಟು, "ಇದು ನನ್ನ ದಡ್ಡತನ. ಹಿಂದೆ ಎಲ್ಲಾದ್ರೂ ಬಚ್ಚಿಡು" ಎಂದಳು.

ದೇವರ ಮುಂದೆ ಬಚ್ಚಿಡುವುದೇನು ಬಂತು? ಹೇಗೂ ಸಾಲಿನಲ್ಲಿ ಇರಲೇಬೇಕಾದ ಅಂಗಡಿ ಶೆಟ್ಟರ ಗೊಂಬೆ ಇರಲಿಲ್ಲ. ಬೋಳುತಲೆಯವರನ್ನೇ ಶೆಟ್ಟರನ್ನಾಗಿ ಕೂರಿಸಿ, ಮುಂದೆ ಅಕ್ಕಿ, ಬೇಳೆ, ಬೆಲ್ಲ ಇಟ್ಟಳು. ಸಿಪಾಯಿ ಗಿರಾಕಿಯಾದ.

ಸಂಜೆ ಗಂಡ ಬದರಿನಾಥ ಹಣೆ ಚಚ್ಚಿಕೊಂಡ. "ಲೇ, ಲೆನಿನ್ ಕಣೇ ಇದು! ಅಂಗಡಿ ಮುಚ್ಚಿಸಿದೋನನ್ನ ಅಂಗಡೀಲಿ ಕೂರಿಸಿದೀಯಲ್ಲೇ! ಆ ಸಿಪಾಯಿ ಹಿಟ್ಲರ್ ಕಡೆಯೋನು!"

"ಅಯ್ಯೋ, ಆರತಿಗೆ ಇಬ್ಬರನ್ನೂ ಇನ್ವೈಟ್ ಮಾಡಿಬಿಟ್ಟಿದೀನಲ್ರೀ!"

ಬೆಲ್ ಆಯಿತು. ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಬಂದ ಮುದುಕಿಯರು ಗೊಂಬೆಗಳನ್ನು ನೋಡಿದರು. "ಇವರು ಅಂಗಡಿ ಶೆಟ್ಟರು, ಅವನು ಗಿರಾಕಿ" ಎಂದು ರೇಣುಕಾದೇವಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮೊದಲು ವಿನಿಫ್ರೆಡ್ ಮೈ ಕುಲುಕಿಸಿ ನಕ್ಕಳು. "ಅವಳಿಗೆ ಹೇಳಮ್ಮ..." ಎಂದವಳು ತಡೆದು, ಅಕ್ಕನತ್ತಲೇ ತಿರುಗಿದಳು. "ಹ್ಯಾಟಿ, ನಿನ್ನ ಶೆಟ್ಟಿ ಬೇಳೆ ಹೇಗೆ ಕೊಡ್ತಾನೇ?"

ಹ್ಯಾರಿಯೆಟ್ ಕನ್ನಡಕ ಸರಿಮಾಡಿಕೊಂಡಳು. "ನಿನ್ನವನಿಗೆ ಇಲ್ಲ. ಮೊದಲು ಆ ಕೈ ಇಳಿಸಲಿ."

"ನಾನು ಇಳಿಸಿ ಎಷ್ಟೋ ವರ್ಷ ಆಯ್ತು. ನೀನು ತಿರುಗಿ ನೋಡ್ಲಿಲ್ಲ."

ಅಕ್ಕ ಶೆಟ್ಟರ ಮುಂದಿನ ಬೆಲ್ಲದ ಚೂರೊಂದನ್ನು ತೆಗೆದು ತಂಗಿಯ ಅಂಗೈಗೆ ಹಾಕಿದಳು.

ದಶಮಿಯಂದು ಗೊಂಬೆಗಳನ್ನು ಮಲಗಿಸುವಾಗ ವಿನಿಫ್ರೆಡ್ ಶೆಟ್ಟರನ್ನು ಕಂಕುಳಿಗೆ ಸೇರಿಸಿಕೊಂಡಳು. "ಇವನು ನನ್ನ ಹತ್ರ ಇರಲಿ. ಬೇಕಾದ್ರೆ ಕ್ಯಾರೊಲಿನಾದಿಂದ ನೀನೇ ಬಂದು ತಗೊಂಡು ಹೋಗು."

"ಬರ್ತೀನಿ. ಮೊದಲು ಆ ಟೀವಿ ಸಣ್ಣಗಿಡು."

ಅದನ್ನು ಅವಳು ರೇಣುಕಾದೇವಿಗೆ ಹೇಳಿದ್ದಲ್ಲ.