ಮರೆಪ್ಪನ ಸ್ಟೂಲು ಸರಿಸಿದ ಕೈ

ನಾನು ಮೊದಲ ಸಾಲು ಎತ್ತಿದರೆ ಭಾಂಡುಪಿನ ಕಾರ್ಖಾನೆಯಲ್ಲಿ ಪಾಳಿಗೆ ಕೂಗುವ ಭೋಂಗಾ ನಾಚಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸುಳ್ಳಲ್ಲ, ಕೇಳಿದವರು ಇನ್ನೂ ಬದುಕಿದ್ದಾರೆ. ಕಿವಿ ಮಾತ್ರ ಸ್ವಲ್ಪ ಮಂದವಾಗಿದೆ.

ಮುಂಬಯಿಯ ಆಂಟಾಪ್ ಹಿಲ್‌ನ ಮುನ್ಸಿಪಾಲ್ಟಿ ಶಾಲೆಯ ಒಂದು ಖೋಲಿಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ನಮ್ಮ ಕನ್ನಡ ಕ್ರೈಸ್ತ ಸಭೆ ಕೂಡುತ್ತಿತ್ತು. ರಾಯಚೂರು, ಕಲಬುರ್ಗಿ ಕಡೆಯಿಂದ ಬಂದು ಇಟ್ಟಿಗೆ ಹೊರುವವರು, ಗಾರೆ ಕಲಸುವವರು, ನನ್ನಂತೆ ಬಣ್ಣ ಬಳಿಯುವವರು, ಎಲ್ಲ ಸೇರಿ ಅರವತ್ತು ಜನ. ಅಕ್ಷರ ಬಲ್ಲವರು ಆರು. ಹೀಗಾಗಿ ಒಬ್ಬ ಕೀರ್ತನೆಯ ಪುಸ್ತಕ ಹಿಡಿದು ಒಂದೊಂದೇ ಸಾಲು ಹೇಳಿಕೊಡಬೇಕು. ಉಳಿದವರು ಅದನ್ನೇ ರಾಗವಾಗಿ ಎರಡೆರಡು ಸಲ ಹಾಡಬೇಕು. ಆ ಒಬ್ಬ ಆರು ವರ್ಷದಿಂದ ನಾನೇ. ನನ್ನ ಹೆಸರು ಮರೆಪ್ಪ. ಕರಿಹಲಗೆಯ ಮುಂದೆ, ನಟ್ಟನಡುವೆ ಇರುತ್ತಿದ್ದ ಮಾಸ್ತರರ ಸ್ಟೂಲು ಏರಿ ನಿಲ್ಲುತ್ತಿದ್ದೆ. ಹಿಂದಿನ ಸಾಲಿನವರಿಗೂ ನನ್ನ ಮುಖ ಕಾಣಬೇಕಲ್ಲ? ಇಲ್ಲದಿದ್ದರೆ ಅವರ ಆತ್ಮಕ್ಕೇ ನಷ್ಟ.

ಎಪ್ಪತ್ಮೂರನೇ ಇಸವಿ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ ಶುರುವಾಗಿತ್ತು. ಮೊದಲ ಭಾನುವಾರ ಸರಿಯಾಗಿ ನಾಲ್ಕಕ್ಕೆ, ಮದುಮಗನ ಹಾಗೆ, ನಾನು ಒಳಗೆ ಬಂದರೆ ಸ್ಟೂಲು ನಡುವೆ ಇಲ್ಲ. ಕಿಟಕಿಯ ಕೆಳಗೆ, ಗೋಡೆಗೆ ಒತ್ತಿ ನಿಂತಿದೆ. ಎಳೆದು ತಂದೆ. ಮುಂದಿನ ಭಾನುವಾರವೂ ಗೋಡೆಗೆ.

ಒಂದು ಸಲವಾದರೆ ಅಚಾತುರ್ಯ ಅನ್ನೋಣ. ಎರಡು ಸಲವಾದರೆ ಸಂಚು.

ಅದೂ ಎಂಥ ವರ್ಷದಲ್ಲಿ! ಈಸ್ಟರ್ ದಿನ ಭಾಂಡುಪ್ ಮತ್ತು ಸಾಂತಾಕ್ರೂಜಿನ ಕನ್ನಡ ಸಭೆಗಳು ನಮ್ಮ ಖೋಲಿಗೇ ಬಂದು ಕೂಡುವುದೆಂದು ನಿಶ್ಚಯವಾಗಿತ್ತು. ಅವರೆಲ್ಲರ ಎದುರು ನಡುವೆ ನಿಲ್ಲುವವನು ಯಾರು? ನಾನು. ಅಷ್ಟರೊಳಗೆ ನನ್ನನ್ನು ಗೋಡೆಗೆ ಸರಿಸಿದರೆ ಇಡೀ ಮುಂಬಯಿಯ ಕನ್ನಡ ಕ್ರೈಸ್ತರ ಬಾಯಲ್ಲಿ ಒಂದೇ ಮಾತು: ಮರೆಪ್ಪನ ಕಾಲ ಮುಗೀತು.

ನನ್ನ ಅನುಮಾನ ನೆಟ್ಟಗೆ ಪೂವಪ್ಪನ ಮೇಲೆ ಹೋಯಿತು. ಉಡುಪಿ ಕಡೆಯ ಮಿಷನ್ ಕ್ರೈಸ್ತ, ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಅಡುಗೆಯವನು. ಆರು ತಿಂಗಳಿಂದ ಹಾರ್ಮೋನಿಯಂ ಹೊತ್ತು ಲೋಕಲ್ ಹತ್ತಿ ನಮ್ಮ ಸಭೆಗೆ ಬರುತ್ತಿದ್ದ. ಎಲ್ಲರಿಗಿಂತ ಮುಂಚೆ ಬಂದು, ಮಕ್ಕಳ ಲೆಕ್ಕ ಒರೆಸಿ, ಫೂಟುಪಟ್ಟಿ ಹಿಡಿದು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಶಿಲುಬೆ ಬರೆಯುವವನೂ ಈಗ ಅವನೇ. ಗುಡಿ ಇಲ್ಲದ ಸಭೆಗೆ ಅದೇ ಗುಡಿ. ಆರಾಧನೆ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಹೋಗುತ್ತಿದ್ದ. ಕಣ್ಣು ಮುಚ್ಚಿ ಮೆಲ್ಲಗೆ ಹಾಡುತ್ತಿದ್ದ. ಮೆಲ್ಲಗೆ ಹಾಡುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ.

"ಪೂವಪ್ಪಾ, ನೀ ಬಂದಾಗ ಸ್ಟೂಲ್ ಎಲ್ಲಿತ್ತು?"

"ಎಂತ ಸ್ಟೂಲು, ಮರೆಪ್ಪಣ್ಣ? ನಾನು ಬಂದೆ, ಬೋರ್ಡು ಒರೆಸಿದೆ, ಶಿಲುಬೆ ಬರೆದೆ, ಪೆಟ್ಟಿಗೆ ಬಿಚ್ಚಿದೆ. ಸ್ಟೂಲಿನ ಸುದ್ದಿ ನನಗೆಂತ ಗೊತ್ತುಂಟು ಮಾರಾಯ್ರೆ?"

ಇಷ್ಟು ಸರಳವಾಗಿ ಉತ್ತರ ಕೊಡುವವನನ್ನು ನಂಬಲೇಬಾರದು. ನಾನು ನಮ್ಮ ಪಾಸ್ಟರ್ ಗುರಲಿಂಗಪ್ಪನವರ ಹತ್ತಿರ ಹೋದೆ.

"ಪಾಸ್ಟರ್ ಸಾಬ್, ಸಭಾದಾಗ ಸಂಚು ನಡದೈತ್ರಿ."

"ಏನಪ್ಪಾ ಅಂಥಾದ್ದು?"

"ನನ್ನ ಸ್ಟೂಲ್ ಸರಸ್ಲಿಕತ್ಯಾರ್ರಿ."

"ಹೊಳ್ಳಿ ಇಟ್ಕೊ."

"ಇಟ್ರ ಮತ್ತ ಸರಸ್ತಾರ್ರಿ."

"ಹಂಗಾರ ಪ್ರಾರ್ಥನಿ ಮಾಡು," ಎಂದು ಅವರು ನಕ್ಕರು. ಆ ನಗುವನ್ನೂ ನಾನು ಅನುಮಾನದ ಪಟ್ಟಿಗೆ ಸೇರಿಸಿದೆ.

ಐದನೇ ಭಾನುವಾರದ ಹೊತ್ತಿಗೆ ಪಟ್ಟಿಯಲ್ಲಿ ಐವತ್ತೆಂಟು ಜನರಿದ್ದರು. ನಾನು ಮತ್ತು ನನ್ನ ಹೆಂಡತಿ ಸುಂದ್ರವ್ವ ಮಾತ್ರ ಹೊರಗೆ. ಸ್ಟೂಲಿನ ಮೇಲೆ ನಿಂತು ಸಾಲು ಹೇಳಿಕೊಡುತ್ತ ಒಬ್ಬೊಬ್ಬರ ಮುಖ ಜಾಲಾಡುತ್ತಿದ್ದೆ. ಆ ಮೂಲೆಯವನು ಯಾಕೆ ತಲೆ ತಗ್ಗಿಸಿದ? ಈ ಮೂಲೆಯವನು ಯಾಕೆ ತಗ್ಗಿಸಲಿಲ್ಲ? ಕೀರ್ತನೆಯ ಎರಡನೇ ಚರಣ ಮುಗಿಯಿತು, ಮುಂದಿನ ಸಾಲಿಗಾಗಿ ಸಭೆ ನನ್ನ ಬಾಯಿ ನೋಡಿತು. ಮನಸ್ಸಿನಲ್ಲಿ ಕುದಿಯುತ್ತಿದ್ದದ್ದೇ ನಾಲಿಗೆಗೆ ಬಂತು.

"ಸ್ಟೂಲ್ ಯಾರು ಸರಿಸಿದ್ರು ಹೇಳ್ರಿ!"

ಸಭೆ ಎತ್ತಿಕೊಂಡಿತು. "ಸ್ಟೂ...ಲ್ ಯಾರು ಸರಿಸಿದ್ರು ಹೇ...ಳ್ರೀ..."

ಆರು ವರ್ಷ ನಾನೇ ಕಲಿಸಿದ ಪದ್ಧತಿ. ಹೇಳಿದ್ದನ್ನು ಹಾಡುವುದು, ಅದೂ ಎರಡು ಸಲ. ಮುಂದಿನ ಸಾಲಿನಲ್ಲಿ ಕೂತ ಮುದುಕಿ ದೇವಕ್ಕ ಎರಡೂ ಕೈ ಮೇಲೆತ್ತಿ, ಕಣ್ಣೀರು ಸುರಿಸುತ್ತ ಹಾಡಿದಳು. ಪೂವಪ್ಪನ ಹಾರ್ಮೋನಿಯಂ ಒಂದು ಸ್ವರವನ್ನೂ ತಪ್ಪಿಸಲಿಲ್ಲ. ಗಂಡಸರು ಕೆಲವರು ಟವೆಲ್ ಕಚ್ಚಿಕೊಂಡರು. ಸುಂದ್ರವ್ವ ಸೆರಗು ಬಾಯಿಗೆ ತುರುಕಿಕೊಂಡು ಬಗ್ಗಿದ್ದಳು, ಭುಜ ಕುಲುಕುತ್ತಿತ್ತು. ಗಂಡನ ಮಾನ ಹೋಯಿತೆಂದು ಅಳುತ್ತಿದ್ದಾಳೆ ಅಂದುಕೊಂಡೆ.

ಇನ್ನು ತಡೆಯಲಾಗಲಿಲ್ಲ. ಈಸ್ಟರಿಗೆ ಒಂದೇ ವಾರ ಉಳಿದಿತ್ತು. ಗರಿಗಳ ಭಾನುವಾರ ಮಧ್ಯಾಹ್ನ ಒಂದಕ್ಕೇ ಶಾಲೆಗೆ ಹೋಗಿ, ಗೇಟಿಗೆ ಬಳಿಯುವ ಕೆಂಪು ಆಯಿಲ್ ಪೇಂಟನ್ನು ಸ್ಟೂಲಿನ ಹಲಗೆಯ ಅಡಿ ಅಂಚಿಗೆ ದಪ್ಪಗೆ ಬಳಿದೆ. ಎತ್ತುವವನ ಬೆರಳು ಅಲ್ಲಿಗೇ ಹೋಗಬೇಕು. ನೀರಿಗೆ ಹೋಗುವ ಬಣ್ಣವಲ್ಲ ಅದು. ಸ್ಟೂಲನ್ನು ನಡುವೆ ಇಟ್ಟು, ಚಹಾದ ಅಂಗಡಿಯಲ್ಲಿ ಕೂತು, ನಾಲ್ಕಕ್ಕೆ ವಾಪಸು ಬಂದೆ. ಸ್ಟೂಲು ಗೋಡೆಗೆ! ಪೊಲೀಸ್ ಕಮಿಷನರಿಗೂ ಹೊಳೆಯದ ಯುಕ್ತಿ ಫಲಿಸಿತ್ತು. ಕಾಲಿನಿಂದ ತಳ್ಳಿಕೊಂಡು ನಡುವೆ ತಂದು ಏರಿ ನಿಂತೆ.

ಆ ದಿನ ಕರ್ತನ ಭೋಜನವಿತ್ತು. ರೊಟ್ಟಿ ಪಡೆಯಲು ಎಲ್ಲರೂ ಸಾಲಾಗಿ ಮೊಣಕಾಲೂರಿ ಬೊಗಸೆ ಚಾಚಬೇಕು. ಇದಕ್ಕಿಂತ ಒಳ್ಳೆಯ ತಪಾಸಣೆ ಉಂಟೇ? ಬಾಯಲ್ಲಿ ಕೀರ್ತನೆ ಹೇಳಿಕೊಡುತ್ತ, ಕಣ್ಣಲ್ಲಿ ಅಂಗೈ ಓದುತ್ತ ಹೋದೆ. ಗಾರೆ ತಿಂದ ಕೈ, ಸುಣ್ಣ ತಿಂದ ಕೈ, ಹಗ್ಗ ಎಳೆದು ಜಡ್ಡುಗಟ್ಟಿದ ಕೈ. ಪೂವಪ್ಪನ ಕೈ ಈರುಳ್ಳಿ ಹೆಚ್ಚಿ ಹೆಚ್ಚಿ ಬೆಳ್ಳಗಾಗಿತ್ತು. ಗಂಡಸರು ಮುಗಿದರು. ಹೆಂಗಸರು ಬಂದರು. ಹಸಿರು ಬಳೆಗಳ ಕೆಳಗೆ ಎಂಟೂ ಬೆರಳು ಕೆಂಪಾದ ಬೊಗಸೆಯೊಂದು ಚಾಚಿತು.

ಸುಂದ್ರವ್ವ.

ಕೈ ಮುಚ್ಚಿಕೊಳ್ಳಲಿಲ್ಲ ಅವಳು. ನನ್ನನ್ನು ಒಮ್ಮೆ ನೋಡಿದಳು, ಆಮೇಲೆ ತಲೆ ಬಾಗಿಸಿದಳು. ಪಾಸ್ಟರ್ ಸಾಬ್ ಆ ಕೆಂಪು ಕೈಯ ಮೇಲೆ ರೊಟ್ಟಿಯ ತುಣುಕು ಇಟ್ಟರು. ಕೊನೆಗೆ ನನ್ನ ಸರದಿಗಾಗಿ ಅವರು ತಟ್ಟೆ ಹಿಡಿದು ಎರಡು ಸಲ ನನ್ನತ್ತ ನೋಡಿದರಂತೆ. ನನಗೆ ಕಾಣಲಿಲ್ಲ. ಆ ದಿನ ರೊಟ್ಟಿ ಸಿಗದೆ ಹೋದವನು ಸಭೆಯಲ್ಲಿ ನಾನೊಬ್ಬನೇ.

ಚಾಳಿನ ನಮ್ಮ ಖೋಲಿಗೆ ಬಂದ ಮೇಲೆ, ಬಣ್ಣ ಬಿಡಿಸಲು ಘಾಸ್ಲೇಟ್ ಎಣ್ಣೆಯ ಡಬ್ಬಿ, ಚಿಂದಿ ಬಟ್ಟೆ ತೆಗೆದುಕೊಂಡು ಅವಳೆದುರು ಕೂತೆ. ಕೈ ಚಾಚಿದಳು. ಒಂದೊಂದೇ ಬೆರಳು ಒರೆಸತೊಡಗಿದೆ.

"ಯಾರ ಮಾತ್ ಕೇಳಿ ಮಾಡಿದಿ? ಪೂವಪ್ಪಂದಾ?"

"ಆ ಪಾಪದಂವಗ ಏನ್ ಗೊತ್ತು? ಚಾಪಿ ಹಾಸ್ಲಿಕ್ಕೆ ಮುಂಚೆ ಹೋಗ್ತೀನಲ್ಲ, ನಾನೇ ಸರಸೀನಿ."

"ಯಾಕ?"

"ಕಾಣವಲ್ದು."

"ಏನ್ ಕಾಣವಲ್ದು?"

"ಶಿಲುಬಿ! ಅಂವ ಅಳತಿ ಹಿಡ್ದು ಬರೀತಾನ, ನೀ ಬಂದು ಅದರ ಮುಂದ ಸ್ಟೂಲ್ ಏರತಿ. ಸೋಮಾರದಿಂದ ಶನಿವಾರ ತನಕ ಈ ಖೋಲ್ಯಾಗ ನಿನ್ನ ಮಾರಿನೇ ನೋಡ್ತೀನಿ. ಐತವಾರ ಒಂದ್ ದಿನರ ಕರ್ತನ್ನ ನೋಡಬೇಕಂತ ಹೋದ್ರ, ಅಲ್ಲೂ ನೀನೇ!"

"ಬಾಯಿಬಿಟ್ಟು ಹೇಳಬಾರದಿತ್ತೇನು?"

"ಮೂರ್ ಸರ್ತಿ ಹೇಳೀನಿ. ಮೂರ್ ಸರ್ತೀನೂ ನೀ ಹಾಡಿ ತೋರಸ್ದಿ."

ಒರೆಸಿದ ಬೆರಳನ್ನೇ ಮತ್ತೆ ಒರೆಸಿದೆ. ಅಡ್ಡ ನಿಂತವನು ಅನ್ನಿಸಿಕೊಳ್ಳುವುದಕ್ಕಿಂತ ಗೋಡೆಗೆ ಸರಿದವನು ಅನ್ನಿಸಿಕೊಳ್ಳುವುದು ವಾಸಿಯೋ ಏನೋ ಎಂದು ವಾರವಿಡೀ ಬಣ್ಣ ಬಳಿಯುತ್ತ ಯೋಚಿಸಿದೆ.

ಈಸ್ಟರ್ ದಿನ ಖೋಲಿಯಲ್ಲಿ ಹತ್ತು ಸಾವಿರ ಜನ. ನೂರಿಪ್ಪತ್ತು ಎನ್ನುವವರಿದ್ದಾರೆ, ಅವರಿಗೆ ಎಣಿಸಲು ಬರುವುದಿಲ್ಲ. ನಾನೇ ಸ್ಟೂಲನ್ನು ಗೋಡೆಗೆ ಇಟ್ಟು ಅದರ ಮೇಲೆ ನಿಂತೆ. ಮೊದಲ ಸಾಲು ಎತ್ತಿದೆ: "ಬೆಳಗಿನ ಬೆಳಕೇ, ಬಾ ನಮ್ಮ ಮನೆಗೆ."

ನೂರಿಪ್ಪತ್ತು ಕತ್ತುಗಳು ಕಿಟಕಿಯತ್ತ ತಿರುಗಿದವು. ಸಾಲು ಬರುವ ಬಾಯಿಯನ್ನು ನೋಡುವುದು ಅವರ ಅಭ್ಯಾಸ. ಶಿಲುಬೆಯ ಎದುರು ಈಗ ನಾನಿರಲಿಲ್ಲ, ಆದರೆ ಅದನ್ನು ನೋಡುವವರೂ ಇರಲಿಲ್ಲ. ಎಲ್ಲಿ ನಿಂತರೂ ಇದೇ ಕಥೆ.

ಕೆಳಗಿಳಿದೆ. ಭಾಂಡುಪಿನವನೊಬ್ಬ ಪಕ್ಕದವನ ಕಿವಿಯಲ್ಲಿ, "ಮರೆಪ್ಪನ್ನ ಇಳಿಸಿದ್ರೇನೋ?" ಅಂದದ್ದು ನನಗೆ ಕೇಳಿಸಿತು. ಆದರೂ ಹೋಗಿ ಮುಂದಿನ ಸಾಲಿನಲ್ಲಿ ದೇವಕ್ಕನ ಪಕ್ಕ ಚಾಪೆಯ ಮೇಲೆ, ಜನಕ್ಕೆ ಬೆನ್ನು ಮಾಡಿ, ಕರಿಹಲಗೆಗೆ ಮುಖ ಮಾಡಿ ಕೂತೆ. ಅದೇ ಸಾಲನ್ನು ಮತ್ತೆ ಹೇಳಿದೆ. ನೋಡಲು ನನ್ನ ಬಾಯಿ ಸಿಗದೆ ಎಲ್ಲರೂ ಮುಂದೆ ನೋಡುತ್ತ ಹಾಡಿದರು.

ನಾನೂ ಮುಂದೆ ನೋಡಿದೆ. ಪೂವಪ್ಪ ಬರೆದ ಶಿಲುಬೆ. ಅದರ ಎಡಗೈ ಬಲಗೈಗಿಂತ ಒಂದು ಬೆರಳಿನಷ್ಟು ಮೋಟು. ಕೆಳಗೆ ಮಕ್ಕಳ ಗುಣಾಕಾರ ಪೂರ್ತಿ ಅಳಿಸದೆ ಮಸುಕಾಗಿ ಉಳಿದಿತ್ತು. ಆರು ವರ್ಷ ಈ ಹಲಗೆಯ ಮುಂದೆ ಹಾಡಿದ್ದೇನೆ. ನನ್ನ ಪಾಲಿಗೆ ಬಂದ ಶಿಲುಬೆ ಅಂಗಿಯ ಬೆನ್ನಿಗೆ ಹತ್ತಿದ ಸೀಮೆಸುಣ್ಣದ ಪುಡಿ ಅಷ್ಟೇ.

ಎರಡನೇ ಸಾಲು ಹೇಳಬೇಕಿತ್ತು. ಹಲಗೆ ನೋಡುತ್ತ ಅದನ್ನು ಮರೆತೇ ಬಿಟ್ಟೆ. ಹಾಡು ಇಲ್ಲಿಗೆ ಬಿತ್ತು ಅಂದುಕೊಂಡೆ. ಬೀಳಲಿಲ್ಲ. ಒಂದಕ್ಷರ ಗೊತ್ತಿಲ್ಲದ ದೇವಕ್ಕ, "ಕತ್ತಲು ಕಳೆಯೋ ಕರ್ತನೇ, ಬಾ," ಎಂದು ತಾನೇ ಎತ್ತಿದಳು. ಹಿಂದಿನಿಂದ ನಮ್ಮ ಸಭೆಯವರೆಲ್ಲ ಸೇರಿಕೊಂಡರು, ಮೂರನೇ ಸಾಲಿಗೆ ಭಾಂಡುಪಿನವರೂ. ಇವರಿಗೆ ಎಷ್ಟು ವರ್ಷದಿಂದ ಬಾಯಿಪಾಠವಿತ್ತು? ಯಾರೂ ನನಗೆ ಹೇಳಿರಲಿಲ್ಲ. ಐವತ್ತೆಂಟು ಜನರ ಮೇಲೂ ಮತ್ತೆ ಅನುಮಾನ ಬಂತು, ಆದರೆ ತಿರುಗಿ ನೋಡಲು ಮನಸ್ಸಾಗಲಿಲ್ಲ.

ಹಾಡು ಮುಗಿದು ಪಾಸ್ಟರ್ ಸಾಬ್ ಪ್ರಾರ್ಥನೆಗೆ ಕೈ ಎತ್ತಿದರು. ತಲೆಗಳೆಲ್ಲ ಬಾಗಿದವು. ದೇವಕ್ಕ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು.

"ಕಣ್ಣ್ ಮುಚ್ಚಲೇ ಮರೆಪ್ಪ. ಪ್ರಾರ್ಥನಿ ನಡದೈತಿ."

"ತಡಿಬೇ," ಅಂದೆ. "ನಾ ಇನ್ನಾ ನೋಡೇ ಇಲ್ಲ."