ನದಿಯಾಚೆಯವರು ಕೇಳಿದ ವೈನ್

ಡಿಸೆಂಬರಿನ ಆ ಬುಧವಾರ ಅಲಬಾಮಾದಲ್ಲಿ ಯಾರೂ ಸಾಯುವುದಿಲ್ಲ. ಸತ್ತರೂ ಮನೆಯವರು ಅಳುವುದು ಗುರುವಾರ. ಹೈಸ್ಕೂಲಿನ ಹುಡುಗರು ಯಾವ ಕಾಲೇಜಿನ ಪರ ಫುಟ್‌ಬಾಲ್ ಆಡುತ್ತೇವೆಂದು ಸಹಿ ಹಾಕುವ ದಿನ ಅದು. ನಮ್ಮ ರೆಸ್ಟೋರೆಂಟಿನ ವೈನ್ ರುಚಿ ನೋಡುವ ಕೆಲಸವನ್ನು ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಇಟ್ಟುಕೊಂಡದ್ದು ನಾನಲ್ಲ, ಮಾಲೀಕರಾದ ಮಿಸ್ಟರ್ ಹಾಯ್ಟ್ ಪಿಕರ್ಡ್.

"ಹೇಗೂ ಟೀವಿ ಮುಂದೆ ಕೂತಿರ್ತೀನಲ್ಲ ತಾಯಿ, ಬಾಯಿ ಖಾಲಿನೇ ಇರುತ್ತೆ," ಎಂದಿದ್ದರು.

ಒಂಬತ್ತು ವರ್ಷಗಳಿಂದ ಇಲ್ಲಿನ ವೈನ್ ಪಟ್ಟಿ ನನ್ನದು. ಈ ಸಲ ಹಾಯ್ಟ್ ಒಂದು ಷರತ್ತು ಹಾಕಿದ್ದರು: ನಾನು ಆರಿಸಿದ ಬಿಳಿ ವೈನ್ ಅವರಿಗೆ ಒಪ್ಪಿಗೆಯಾಗದಿದ್ದರೆ ಪಟ್ಟಿ ರೆನಿ ಓಗಲ್‌ಟ್ರೀಯ ಕೈಗೆ. ರೆನಿ ವೈನ್ ಕಂಪನಿಯ ಮಾರಾಟಗಾರ. ನನ್ನ ವೈನ್ ಬರುವುದೂ ಅವನ ಗೋದಾಮಿನಿಂದಲೇ. ಆದರೆ ಶಾರ್ಡನೇ ಎಂಬ ಬೆಣ್ಣೆಯಂಥ ಕ್ಯಾಲಿಫೋರ್ನಿಯಾ ಬಿಳಿ ವೈನನ್ನು ಅತಿ ಹೆಚ್ಚು ಮಾರಿದವರಿಗೆ ಅವನ ಕಂಪನಿ ಸಮುದ್ರತೀರದ ಪ್ರವಾಸ ಕೊಡುತ್ತದೆ. ಹಾಗಾಗಿ ಅವನ ನಾಲಿಗೆಗೆ ಶಾರ್ಡನೇ ಬಿಟ್ಟು ಬೇರೇನೂ ರುಚಿಸುವುದಿಲ್ಲ.

ಹೆಸರು ಕಾಣದಂತೆ ಐದು ಬಾಟಲಿಗಳಿಗೆ ಕಂದು ಕಾಗದದ ಚೀಲ ತೊಡಿಸಿ, ಮೇಲೆ ಅಂಕಿ ಬರೆದು ಸಾಲಾಗಿ ಇಟ್ಟೆ. ನಾಲ್ಕನೆಯದು ನನ್ನದು. ಪೋರ್ಚುಗಲ್‌ನ ಒಂದು ದ್ವೀಪದಲ್ಲಿ, ಕಪ್ಪು ಕಲ್ಲಿನ ಸಂದಿಯಲ್ಲಿ ಬೆಳೆದ ದ್ರಾಕ್ಷಿ. ನಮ್ಮ ಹುರಿದ ಕ್ಯಾಟ್‌ಫಿಶ್ ಜೊತೆ ಕುಡಿದರೆ ಮೀನಿಗೆ ಮತ್ತೊಮ್ಮೆ ಜೀವ ಬಂದಂತಿರುತ್ತದೆ. ಅದನ್ನು ಹುಡುಕಲು ನನಗೆ ಮೂರು ತಿಂಗಳು ಹಿಡಿದಿತ್ತು.

ರುಚಿ ನೋಡಿದ ವೈನನ್ನು ಉಗುಳಲು ಇಟ್ಟ ಡಬ್ಬಿಯನ್ನು ಹಾಯ್ಟ್ ದೂರ ತಳ್ಳಿದರು. ಉಗುಳುವುದು ಸೋತವರ ಲಕ್ಷಣವಂತೆ. ಅವರ ಕಣ್ಣು ಟೀವಿಯ ಮೇಲಿತ್ತು. ಹನ್ನೊಂದು ಗಂಟೆಗೆ ಜಾಮೀರ್ ಟಾಲಿವರ್ ಎಂಬ ಆಟಗಾರ ತನ್ನ ಶಾಲೆಯ ಜಿಮ್‌ನಲ್ಲಿ ಮೇಜಿನ ಮುಂದೆ ಕೂತು, ಎದುರಿಗಿಟ್ಟ ಎರಡು ಟೊಪ್ಪಿಗಳಲ್ಲಿ ಒಂದನ್ನು ಹಾಕಿಕೊಳ್ಳುವವನಿದ್ದ. ಒಂದು ನಮ್ಮ ಕಾಲೇಜಿನದು, ಇನ್ನೊಂದು ನಮ್ಮ ಬದ್ಧ ಎದುರಾಳಿಗಳಾದ ನದಿಯಾಚೆಯವರದು; ಹಾಕಿಕೊಂಡದ್ದೇ ಆರಿಸಿದ ಕಾಲೇಜು. ಮುನ್ನೂರಿಪ್ಪತ್ತು ಪೌಂಡ್ ತೂಗುವ ಹುಡುಗ. ಹಾಯ್ಟ್ ಅವನನ್ನು ಒಮ್ಮೆಯೂ ಭೇಟಿಯಾಗಿಲ್ಲ, ಆದರೆ ಅವನ ಮೊಣಕಾಲಿನ ಸ್ಥಿತಿ ತಮ್ಮ ಹೆಂಡತಿಯ ಮೊಣಕಾಲಿಗಿಂತ ಚೆನ್ನಾಗಿ ಗೊತ್ತು.

ಒಂದು, ಎರಡು, ಮೂರು ಮುಗಿದವು. ಮೂರನೆಯದು ರೆನಿಯ ಶಾರ್ಡನೇ. ನಾಲ್ಕನೆಯದನ್ನು ಕುಡಿದ ಹಾಯ್ಟ್ ಟೀವಿಯಿಂದ ಕಣ್ಣು ತೆಗೆದರು. ಇನ್ನೊಂದು ಗುಟುಕು ಕುಡಿದರು.

"ಇದ್ಯಾವುದು? ಚೆನ್ನಾಗಿದೆಯಲ್ಲ!"

ನಾನು ಉಸಿರು ಬಿಟ್ಟೆ. ಬಿಡಬಾರದಿತ್ತು.

"ಎಷ್ಟು ಸ್ಟಾರು?" ಎಂದರು. ಆಟಗಾರರಿಗೆ ಜಾಲತಾಣಗಳು ಕೊಡುವ ನಕ್ಷತ್ರ. ವೈನಿಗೂ ಇರಲೇಬೇಕು ಎನ್ನುವುದು ಅವರ ನಂಬಿಕೆ.

"ಇದಕ್ಕೆ ಯಾರೂ ಅಂಕ ಕೊಟ್ಟಿಲ್ಲ, ಮಿಸ್ಟರ್ ಹಾಯ್ಟ್," ಪಕ್ಕದಲ್ಲೇ ಕೂತಿದ್ದ ರೆನಿ ತುಂಬ ದುಃಖದಿಂದ ಹೇಳಿದ. "ಮೂರನೇದಕ್ಕೆ ನೂರಕ್ಕೆ ತೊಂಬತ್ನಾಲ್ಕು."

ಹಾಯ್ಟ್ ಲೋಟವನ್ನು ಕೆಳಗಿಟ್ಟರು. ಎರಡು ನಿಮಿಷದ ಹಿಂದೆ ರುಚಿಯಾಗಿದ್ದದ್ದು ಈಗ ಅನುಮಾನಾಸ್ಪದ. "ಬೇರೆ ಯಾರು ಕೇಳಿದ್ದಾರೆ ಇದನ್ನ?"

ನಮ್ಮ ಊರಿನಲ್ಲಿ ಇದೇ ಕೊನೆಯ ಪರೀಕ್ಷೆ. ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಬೇರೆ ಕಾಲೇಜುಗಳು ಅವನ ಹಿಂದೆ ಬಿದ್ದಿಲ್ಲವೆಂದರೆ ನಮಗೂ ಬೇಡ.

ನಾನು ಸುಳ್ಳು ಹೇಳುವವಳಲ್ಲ. ಹೇಳಿದರೆ ಕುತ್ತಿಗೆ ಕೆಂಪಾಗುತ್ತದೆ. ಆದರೆ ನದಿಯಾಚೆ ಬ್ಯಾಸ್ಕಮ್ ಲೈಲ್ ಎಂಬವರ ರೆಸ್ಟೋರೆಂಟಿನಲ್ಲಿ ನನ್ನ ಹಾಗೆಯೇ ವೈನ್ ಆರಿಸುವ ಒಡೆಟ್ ಕಳೆದ ತಿಂಗಳು ಈ ವೈನಿನ ಒಂದು ಬಾಟಲಿ ಕೇಳಿದ್ದು ನಿಜ. ನಾನು ಕಳಿಸಿದ್ದೂ ನಿಜ. ಬ್ಯಾಸ್ಕಮ್ ಅದನ್ನು ಬಾಯಿಗಿಟ್ಟು, ಕಲ್ಲು ನೆಕ್ಕಿದ ಹಾಗಿದೆ ಎಂದು ಸಿಂಕಿಗೆ ಸುರಿದದ್ದೂ ಅಷ್ಟೇ ನಿಜ. ಮೂರು ನಿಜಗಳಲ್ಲಿ ಎಷ್ಟನ್ನು ಹೇಳಬೇಕೆಂದು ಯಾರೂ ಕಾನೂನು ಮಾಡಿಲ್ಲ.

"ಬ್ಯಾಸ್ಕಮ್ ಲೈಲ್ ಅವರ ಕಡೆಯಿಂದ ಕೇಳಿದ್ದರು," ಎಂದೆ.

ಹಾಯ್ಟ್ ನೆಟ್ಟಗೆ ಕೂತರು. "ಆ ಬ್ಯಾಸ್ಕಮ್ ಕೇಳಿದ್ನಾ? ರೆನಿ, ಇದು ನಿನ್ನ ಹತ್ರ ಎಷ್ಟಿದೆ?"

"ಇಡೀ ರಾಜ್ಯಕ್ಕೆ ಬಂದಿರೋದೇ ನಲವತ್ತೆರಡು ಪೆಟ್ಟಿಗೆ."

"ಎಲ್ಲಾ ನಂದು."

ನನಗೆ ಬೇಕಾಗಿದ್ದದ್ದು ಎಂಟು. ಆದರೂ ಬಾಯಿ ಮುಚ್ಚಿಕೊಂಡು ಆರ್ಡರ್ ಹಾಳೆಯನ್ನೂ ಪೆನ್ನನ್ನೂ ಮುಂದೆ ಸರಿಸಿದೆ. ಬಾಯಿಮಾತಿಗೆ ಬೆಲೆಯಿಲ್ಲವೆಂದು ಇಲ್ಲಿ ಹಸುಗೂಸಿಗೂ ಗೊತ್ತು. ಈ ಜಾಮೀರನೇ ಮೇ ತಿಂಗಳಲ್ಲಿ ನಮಗೆ ಮಾತು ಕೊಟ್ಟಿದ್ದ, ಆಗಸ್ಟಿನಲ್ಲಿ ಅವರಿಗೆ, ಅಕ್ಟೋಬರಿನಲ್ಲಿ ಪುನಃ ನಮಗೆ.

"ಇರು ತಾಯಿ, ಹುಡುಗ ಬಂದ!"

ಟೀವಿಯಲ್ಲಿ ಜಾಮೀರ್ ತಾಯಿಗೆ, ದೇವರಿಗೆ, ಐದು ಜನ ಕೋಚ್‌ಗಳಿಗೆ ವಂದಿಸಿದ. ನಮ್ಮ ಟೊಪ್ಪಿ ಎತ್ತಿಕೊಂಡ. ಹಾಯ್ಟ್ ಎದ್ದು ನಿಂತು ಕೂಗಿದರು. ಹುಡುಗ ಟೊಪ್ಪಿಯ ಮೇಲಿನ ಧೂಳು ಕೊಡವಿ, ನಕ್ಕು, ಅದನ್ನು ಅಲ್ಲೇ ಇಟ್ಟು, ಇನ್ನೊಂದನ್ನು ತಲೆಗೆ ಹಾಕಿಕೊಂಡ.

ಅಡುಗೆಮನೆಯಲ್ಲಿ ಯಾರೋ ಪಾತ್ರೆ ಎಸೆದ ಸದ್ದು ಕೇಳಿಸಿತು. ಹಾಯ್ಟ್ ಮತ್ತೆ ಕುರ್ಚಿಯಲ್ಲಿ ಕೂತರು.

"ಅವನ ಪಾದ ಯಾವತ್ತೂ ನಿಧಾನ," ಎಂದರು. "ನಮ್ಮ ಕೋಚ್‌ಗೆ ಅವನು ಬೇಡವಾಗಿದ್ದ. ನಾವೇ ಕೈಬಿಟ್ಟಿದ್ದು."

"ಹೌದು, ಹೌದು," ಎಂದ ರೆನಿ. ಅವನ ಕೈ ಆಗಲೇ ಮೂರನೆಯ ಬಾಟಲಿಯ ಕಡೆ ಹೋಗಿತ್ತು. "ಇಂಥ ದಿನಕ್ಕೆ ಶಾರ್ಡನೇನೇ ಸಮಾಧಾನ, ಮಿಸ್ಟರ್ ಹಾಯ್ಟ್."

"ಸಹಿ," ಎಂದೆ ನಾನು. ಧ್ವನಿ ಇಲಿಯ ಕೀಚಲಿನಂತಿತ್ತು.

ಹಾಯ್ಟ್ ಪೆನ್ನು ತೆಗೆದುಕೊಂಡರು. ಕಾಗದಕ್ಕೆ ತಾಕಿಸಿದರು. ನಿಲ್ಲಿಸಿದರು. "ತಡಿ. ಮೊದಲು ಆ ಬ್ಯಾಸ್ಕಮ್‌ಗೆ ಹೇಳ್ತೀನಿ. ಹುಡುಗನ್ನ ನೀ ಇಟ್ಕೋ, ವೈನು ನಂದು ಅಂತ."

"ಬೇಡಿ ಸರ್," ಎಂದೆ. "ಇವತ್ತು ಅವರು ಬ್ಯುಸಿ ಇರ್ತಾರೆ." ಆಗಲೇ ಫೋನು ಸ್ಪೀಕರಿನಲ್ಲಿ ರಿಂಗಾಗುತ್ತಿತ್ತು. ಒಂಬತ್ತು ವರ್ಷಗಳ ನನ್ನ ಪಟ್ಟಿ ಕಣ್ಣೆದುರಿಗೇ ರೆನಿಯ ಚೀಲ ಸೇರುವುದು ಕಾಣಿಸಿತು. ಕುತ್ತಿಗೆ ಬಿಸಿಯಾಯಿತು.

"ಏನ್ ಹಾಯ್ಟ್, ಕಣ್ಣೊರೆಸಿಕೊಂಡಾಯ್ತಾ?" ಬ್ಯಾಸ್ಕಮ್‌ನ ನಗು ಕೋಣೆ ತುಂಬಿತು.

"ನೀನು ಒರೆಸ್ಕೊ. ಆ ದ್ವೀಪದ ಬಿಳಿ ವೈನು, ನಿಮ್ಮೋರು ಕೇಳಿದ್ರಲ್ಲ? ಅಷ್ಟೂ ನಾನೇ ತಗೊಂಡೆ. ನಿನಗೊಂದು ಹನೀನೂ ಇಲ್ಲ."

"ಯಾವುದು, ಕಲ್ಲು ನೆಕ್ಕಿದ ಹಾಗಿದೆಯಲ್ಲ, ಅದಾ? ಅಯ್ಯೋ ಮಾರಾಯ, ಅದು ನಮಗೆ ಬೇಡವಾಗಿತ್ತು! ನಾವೇ ಬಿಟ್ಟಿದ್ದು!"

ನಾನು ಕಣ್ಣು ಮುಚ್ಚಿದೆ.

ಹಾಯ್ಟ್ ಗಹಗಹಿಸಿ ನಕ್ಕದ್ದು ಕೇಳಿ ಕಣ್ಣು ತೆರೆದೆ. ಫೋನು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಕೇಳಿದೆಯಾ, ಮಿಸ್ ವರ್ಲೀನ್? ಬೇಡವಾಗಿತ್ತಂತೆ! ಬಿಟ್ಟರಂತೆ! ಪಾಪ, ಎಷ್ಟು ಉರಿದಿರಬೇಕು ಅವನಿಗೆ!" ಕಾಗದ ಹರಿಯುವ ಹಾಗೆ ಸಹಿ ಹಾಕಿದರು. "ಪಟ್ಟಿ ನಿಂದೇ ತಾಯಿ. ಇನ್ನು ಈ ವಿಷಯ ಯಾರೂ ಎತ್ತೋ ಹಾಗಿಲ್ಲ."

ಬ್ಯಾಸ್ಕಮ್ ತನ್ನ ಜೀವಮಾನದಲ್ಲಿ ಹಾಯ್ಟ್‌ಗೆ ಹೇಳಿದ ಒಂದೇ ಒಂದು ಸತ್ಯ ಅದಾಗಿರಬೇಕು. ಹಾಯ್ಟ್ ಅದನ್ನು ನಂಬದಿದ್ದುದನ್ನು ತಿದ್ದುವ ಅಗತ್ಯ ನನಗೆ ಕಾಣಲಿಲ್ಲ.

ರೆನಿ ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು ನನ್ನ ಕಡೆ ತಿರುಗಿದ. "ಶುಕ್ರವಾರ ಲಾರಿ ಬರುತ್ತೆ, ಮೇಡಂ. ನಿಮ್ಮ ಸ್ಟೋರ್ ರೂಮಲ್ಲಿ ಹನ್ನೆರಡು ಪೆಟ್ಟಿಗೆಗೆ ಜಾಗ ಇದೆ. ಉಳಿದ ಮೂವತ್ತು ಎಲ್ಲಿಡಲಿ?"

"ನನ್ನ ಆಫೀಸಿನಲ್ಲಿ," ಎಂದು, ಕುರ್ಚಿಯನ್ನು ಹೊರಗೆಳೆಯಲು ಹೋದೆ.